ಆರ್ವಿಲ್ ಮೆತ್ತಿದ ಸಿಮೆಂಟು

ಸೆಪ್ಟೆಂಬರ್ ೯
ಒಲೆಯ ಬೂದಿ ಬಳಿದೆ. ಊರಿನ ಈ ಹಳೆ ದಿಮ್ಮಿ ಮನೆ ನೋಡಲು ಶಾಲೆ ಮಕ್ಕಳು ಹತ್ತಕ್ಕೆ ಬಂದರು. ಅವರಿಗೆ ತೋರಿಸಲು ಹಿಂದಿನವರ ಉದ್ದ ಲಂಗ, ತಲೆಗೆ ಬಾನೆಟ್ಟು ಟೋಪಿ, ಕೆಂಡದ ಮೇಲೆ ಜೋಳದ ರೊಟ್ಟಿ — ಮಾಮೂಲು. ಕಾಡು ಕಡಿದು ನೆಲೆಸಿದವರ ಕಥೆ ಹೇಳಿ ಮುಗಿಸಿದರೆ ಒಬ್ಬಳು ಕೇಳಿದಳು, "ಅಜ್ಜಿ, ಈ ಮರದ ಮನೆ ನೀವೇ ಕಟ್ಟಿದ್ದಾ?" ಅಷ್ಟು ಮುದುಕಿಯೇ ನಾನು!

ಮೂಲೆ ಗುಡಿಸುವಾಗ ಬುಡದ ದಿಮ್ಮಿಗೆ ಪೊರಕೆ ತಗುಲಿ ಪುಡಿ ಉದುರಿತು. ಒತ್ತಿದರೆ ಬೆರಳು ಒಳಗೆ ಹೋಯಿತು. 

ಸೆಪ್ಟೆಂಬರ್ ೧೧
ಬಡಗಿ ಕ್ಲೈಡ್ ಬಂದು ನೋಡಿದ. ದಿಮ್ಮಿಗಳ ಸಂದಿಗೆ ಹಿಂದಿನವರು ತುಂಬುತ್ತಿದ್ದದ್ದು ಜೇಡಿಮಣ್ಣು, ಹುಲ್ಲು. ನೆನೆದರೂ ಆರುತ್ತಿತ್ತು. ಈಗ ಅಲ್ಲಿರುವ ಸಿಮೆಂಟು ಒಳಗಿಳಿದ ನೀರನ್ನು ಹೊರಗೆ ಬಿಡುವುದಿಲ್ಲವಂತೆ.

"ಇದನ್ನ ಮೆತ್ತಿದ ಪುಣ್ಯಾತ್ಮ ಯಾರು?"

"ನನ್ನ ಗಂಡ."

ಕ್ಲೈಡ್ ಕೆಮ್ಮಿದ. ಬುಡದ ದಿಮ್ಮಿ ಪೂರ್ತಿ ಕೊಳೆತಿದ್ದರೆ ಕೌಂಟಿ ಆಡಳಿತದವರು ಮನೆಯನ್ನೇ ಬಿಚ್ಚಿಸುತ್ತಾರೆ. ಸಿಮೆಂಟು ಒಡೆದೇ ನೋಡಬೇಕು.

ಊಟದ ಹೊತ್ತಿಗೆ ಹೇಳಿದೆ. ಆರ್ವಿಲ್ ಚಮಚ ಕೆಳಗಿಟ್ಟ.

"ನಲವತ್ತು ವರ್ಷ ಅದರೊಳಗೆ ಗಾಳಿ ನುಗ್ಗದ ಹಾಗೆ ಕಾದಿದ್ದು ಯಾರೇ? ನಾನು!"

"ನೀರು ಆಚೆ ಹೋಗದ ಹಾಗೆ ಕಾದಿದ್ದೂ ನೀನೇ ಕಣೋ."

ಅನ್ನಬಾರದಿತ್ತು. ಎದ್ದು ಹೋದ.

ಸೆಪ್ಟೆಂಬರ್ ೧೯
ಆರ್ವಿಲ್‌ಗೆ ಈಗ ನಾಯಿಯ ಹತ್ತಿರ ಮಾತ್ರ ಮಾತು, ಅದೂ ನನಗೆ ಕೇಳುವ ಹಾಗೆ. "ನಾನು ಮನೆ ಕೊಂದ್ನಂತೆ ನೋಡೋ." ನಗು ಬಂತು, ಸಂಕಟವೂ ಆಯಿತು. ಅದು ಸಿಟ್ಟಲ್ಲ, ಭಯ. ನನಗೂ ಅದೇ.

ಸೆಪ್ಟೆಂಬರ್ ೨೨, ಮಧ್ಯಾಹ್ನ
ಸಿಮೆಂಟು ಒಡೆದರು. ಆರ್ವಿಲ್ ಬಂದ, ಟ್ರಕ್ಕಿನಿಂದ ಇಳಿಯಲಿಲ್ಲ. ಸಿಮೆಂಟಿನ ಹೆಂಟೆ ಬಿದ್ದಾಗಲೆಲ್ಲ ಮುಖ ಆಚೆ ತಿರುಗಿಸುತ್ತಿದ್ದ. ಕ್ಲೈಡ್ ಬೈರಿಗೆ ಹಿಡಿದು ದಿಮ್ಮಿ ಕೊರೆದ. ಕಪ್ಪು ಪುಡಿ. ಮತ್ತೂ ಕಪ್ಪು... ಆಮೇಲೆ ಹೊಂಬಣ್ಣದ ಮರದ ಸಿಪ್ಪೆ, ಘಮ್ಮೆನ್ನುವ ಓಕ್ ಮರದ ವಾಸನೆ.

"ಮೇಲೆ ಎರಡು ಬೆರಳಷ್ಟೇ ಹೋಗಿರೋದು. ಒಳಗೆ ಕಬ್ಬಿಣ!"

ಅಬ್ಬಾ! ಮನೆ ಉಳಿಯಿತು. ಆರ್ವಿಲ್‌ಗೆ ಕೈಬೀಸಿದೆ. ಇಳಿದು ಬಂದ, ಸಿಪ್ಪೆ ಮೂಸಿದ, ಕಣ್ಣೊರೆಸಿಕೊಂಡ.

"ಧೂಳು."

ಆಯಿತು, ಧೂಳು.

ಸೆಪ್ಟೆಂಬರ್ ೨೭
ಸಂದಿಗೆ ಮಣ್ಣು ತುಂಬಲು ಹಿಂದಿನ ಕಾಲದ ಹಾಗೆ ಊರವರೆಲ್ಲ ಬಂದಿದ್ದಾರೆ, ಕೈಯಲ್ಲೊಂದು ತಿಂಡಿ ಹಿಡಿದು. ಮಣ್ಣು ತುಳಿಯುವವರು ಯಾರು ಎಂದಾಗ ಆರ್ವಿಲ್ ಬೂಟು ಬಿಚ್ಚಿ ಪ್ಯಾಂಟು ಮಡಿಸಿದ.

"ಕೆಡಿಸಿದೋನು ನಾನು, ತುಳಿಯೋನೂ ನಾನೇ. ಯಾರೂ ಹಲ್ಲು ಕಿಸೀಬೇಡಿ."

ಎಲ್ಲರೂ ಕಿಸಿದರು. ಅವನೂ ನಕ್ಕ. ಎಷ್ಟು ದಿನವಾಗಿತ್ತು ಆ ನಗು ಕೇಳಿ! ಮನಸ್ಸು ಹಗುರ. ಒಳಗೆ ಬಂದು ಇಷ್ಟು ಗೀಚುತ್ತಿದ್ದೇನೆ. ಹೊರಗಿಂದ ಅವನ ಕೂಗು, "ಏ ಪರ್ಲ್, ಒಬ್ನೇ ತುಳಿದು ಸಾಕಾಯ್ತು, ನೀನೂ ಬಾರೇ!" ಈ ವಯಸ್ಸಿನಲ್ಲಿ, ಊರವರ ಮುಂದೆ, ಕೆಸರಿನಲ್ಲಿ ಇಬ್ಬರೂ... ಬಂದೆ ಕಣೋ, ಕಾಲುಚೀಲ ಒಂದು ಬಿಚ್ಚಿ—