ಇಬ್ಬರ ಉತ್ತರವೂ ಒಂದೇ

ಮಾರ್ಚ್ 3, ಮಂಗಳವಾರ

ಮಗು ಮತ್ತೆ ಕಣ್ಣು ಮುಚ್ಚಲು ಬಿಡಲಿಲ್ಲ. ಕಾಲು ಆಫೀಸಿಗೆ ಹೋಯಿತು, ತಲೆ ಮನೆಯಲ್ಲೇ. ಲೆಕ್ಕವಂತೂ ಮುಗಿಯಿತು. ಎರಡು ಪ್ರೋಟಾನ್ ಡಿಕ್ಕಿ ಹೊಡೆದರೆ ಚೂರುಗಳು ಯಾವ ದಿಕ್ಕಿಗೆ ಎಷ್ಟು ಚೆದುರುತ್ತವೆ ಎಂಬ ಲೆಕ್ಕ. ಪ್ರಯೋಗದವರು ಅಳೆದದ್ದಕ್ಕೂ ನನ್ನ ಉತ್ತರಕ್ಕೂ ತಾಳೆಯಿಲ್ಲ. ಈ ಅಂತರ ನಿಜವಾದರೆ ಅಲ್ಲಿ ಯಾರೂ ಕಾಣದ ಹೊಸ ಕಣವೊಂದಿರಬೇಕು. ಗುಂಪಿನ ಹಿರಿಯರು, ನಮ್ಮ ಮೇಷ್ಟ್ರು ಕುಣಿಯುವುದೊಂದು ಬಾಕಿ.

ನಮ್ಮ ಗುಂಪಿನ ಕಟ್ಟುಪಾಡು — ಒಂದೇ ಲೆಕ್ಕವನ್ನು ಇಬ್ಬರು ಬೇರೆ ಬೇರೆ ಮಾಡಬೇಕು. ಒಬ್ಬರದನ್ನೊಬ್ಬರು ನೋಡಬಾರದು. ನನ್ನ ಜೊತೆಯವನು ದಶಮಾಂಶ. ತನ್ನ ಎತ್ತರ ಕೇಳಿದರೂ ಮೂರು ದಶಮಾಂಶದವರೆಗೆ ಹೇಳುತ್ತಾನೆ, ಹೆಸರು ಅಂಟಿದ್ದು ಹಾಗೆ.

ಮಾರ್ಚ್ 5

ದಶಮಾಂಶನ ಉತ್ತರ ಬಂತು. ಕೊನೆಯ ಅಂಕಿಯವರೆಗೂ ನನ್ನದೇ. "ಇನ್ನಾದ್ರೂ ಹೋಗಿ ಮಲ್ಕೊ ತಾಯಿ," ಎಂದ. ಮೇಷ್ಟ್ರು ಬುಧವಾರದ ಸಮ್ಮೇಳನದಲ್ಲಿ ಹೇಳಿಯೇ ಬಿಡುತ್ತಾರಂತೆ. ಪ್ರಬಂಧದಲ್ಲಿ ನನ್ನ ಹೆಸರು ಮೊದಲು. ಕೆಲಸ ಖಾಯಂ ಆಗುವುದೂ ಇದರ ಮೇಲೇ.

ಅತ್ತೆಗೆ ವಿವರಿಸಿದೆ. "ಚೂರು ಎಣಿಸೋದಕ್ಕೂ ಸಂಬಳ ಕೊಡ್ತಾರಾ? ನೀನು ಒಡೆದ ಲೋಟಗಳ ಚೂರು ಆರಿಸೋಳು ನಾನು. ನನಗ್ಯಾರೂ ಕೊಡ್ಲಿಲ್ಲ," ಎಂದರು.

ಮಾರ್ಚ್ 10, ಮಧ್ಯಾಹ್ನ

ಮಗುವಿಗೆ ಮೈ ಬಿಸಿ. ಡಾಕ್ಟರಿಗೆ ಫೋನ್ ಮಾಡಿ ಜ್ವರ, ಕೆಮ್ಮು, ಹಾಲು ಬಿಟ್ಟದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಆ ಕಡೆಯವನು ಪಾಪ, ಪೂರ್ತಿ ಕೇಳಿಸಿಕೊಂಡು, "ಅಮ್ಮಾ, ಇದು ಟೈರ್ ಅಂಗಡಿ," ಎಂದ.

ಅತ್ತೆ ನಂಬರಿನ ಚೀಟಿ ಕಿತ್ತುಕೊಂಡರು. "ಕೊನೇಲಿ ಹದಿನೆಂಟು ಕಣೇ ಇದು. ಎಂಬತ್ತೊಂದು ಒತ್ತಿದೀಯ. ನಿದ್ದೆ ಇಲ್ದೆ ಈಗೀಗ ಹೀಗೇ ಮಾಡ್ತೀಯ ನೀನು."

ಈಗೀಗ...

ಬರೀ ಶೀತವಂತೆ, ಡಾಕ್ಟರು ಹೇಳಿದರು. ಮಗು ಮಲಗಿತು. ನನಗೆ ಕೂರಲಾಗಲಿಲ್ಲ. ಲ್ಯಾಪ್‌ಟಾಪ್ ತೆಗೆದು ಲೆಕ್ಕಕ್ಕೆ ಕೊಟ್ಟಿದ್ದ ಅಂಕಿಗಳನ್ನು ಒಂದೊಂದಾಗಿ ನೋಡಿದೆ. ಬಾಟಮ್ ಕ್ವಾರ್ಕ್ ಎಂಬ ಕಣದ ದ್ರವ್ಯರಾಶಿ. ಪುಸ್ತಕದಲ್ಲಿ 4.18. ನನ್ನ ಫೈಲಿನಲ್ಲಿ 4.81.

ತಿದ್ದಿ ಲೆಕ್ಕವನ್ನು ಮತ್ತೆ ಓಡಿಸಿದೆ. ಅಂತರ ಮಾಯ. ಹೊಸ ಕಣವೂ ಇಲ್ಲ, ಮಣ್ಣೂ ಇಲ್ಲ.

ಸಂಜೆ

ಮಗುವಿನ ಬಟ್ಟೆ ಮಡಚುತ್ತಿದ್ದವಳು ಹಾಗೇ ಕೂತುಬಿಟ್ಟೆ. ಅಂಕಿ ತಿರುವಿ ಹಾಕಿದ್ದು ನಾನು, ನಿದ್ದೆಗೆಟ್ಟು. ದಶಮಾಂಶನ ಉತ್ತರ ನನ್ನದಕ್ಕೆ ಹೊಂದಿದ್ದು ಹೇಗೆ?

ಫೋನ್ ಮಾಡಿ ಕೇಳಿದೆ.

"ಮೊದಲು ಹೊಂದಲಿಲ್ಲ. ನೋಡಬಾರ್ದಾಗಿತ್ತು, ಆದ್ರೂ ನಿನ್ನ ಫೈಲಲ್ಲಿದ್ದ ಅಂಕಿಗಳನ್ನೆಲ್ಲ ಎತ್ತಿ ನನ್ನದಕ್ಕೆ ಹಾಕ್ದೆ. ಹೊಂದಿಬಿಡ್ತು."

"ಯಾವ ಅಂಕಿ ಬೇರೆ ಇತ್ತು ಅಂತ ನೋಡ್ಲಿಲ್ವಾ?"

"ನಿನ್ನ ಲೆಕ್ಕ ಯಾವತ್ತು ತಪ್ಪಿದೆ ಹೇಳು. ಎಡವಟ್ಟು ನನ್ನದೇ ಅಂದ್ಕೊಂಡೆ."

ಅವನದು ಸರಿಯಾಗಿತ್ತು. ಸರಿಯಾಗಿದ್ದದ್ದನ್ನು ನನ್ನನ್ನು ನಂಬಿ ಕೆಡಿಸಿಕೊಂಡ. ಎರಡು ಅಂಕಿಯನ್ನೂ ಅವನಿಗೆ ಓದಿ ಹೇಳಿದೆ.

"ಮೇಷ್ಟ್ರಿಗೆ ನಾನು ಹೇಳ್ಲಾ?"

ಬೇಡ ಎಂದೆ. ಮೊದಲ ಹೆಸರು ನನ್ನದು.

ಮಾರ್ಚ್ 11, ಬೆಳಿಗ್ಗೆ

ನಿನ್ನೆಯಿಂದ ಮೇಷ್ಟ್ರ ಫೋನ್ ಆಫ್. ಮೇಲ್ ನೋಡಿದಂತಿಲ್ಲ. ಸಮ್ಮೇಳನದ ಕಚೇರಿಯ ನಂಬರು ಹುಡುಕಿದೆ. ಒತ್ತಲು ನನ್ನ ಕೈಯ ಮೇಲೆ ನಂಬಿಕೆಯಿಲ್ಲ. ಅತ್ತೆಗೆ ಕೊಟ್ಟೆ. ಮಗುವನ್ನು ಸೊಂಟದಲ್ಲಿಟ್ಟುಕೊಂಡು, ಒಂದೊಂದು ಅಂಕಿಯನ್ನೂ ಗಟ್ಟಿಯಾಗಿ ಓದಿ ಒತ್ತಿದರು. "ತಗೋ. ಟೈರ್ ಅಂಗಡಿ ಅಲ್ಲ," ಎಂದರು.

ಮೇಷ್ಟ್ರನ್ನು ಕರೆದು ತರುತ್ತೇವೆ, ಲೈನಿನಲ್ಲಿರಿ ಎಂದಿದ್ದಾರೆ. ಫೋನ್ ಕಿವಿಗೆ ಒತ್ತಿಕೊಂಡೇ ಬರೆಯುತ್ತಿದ್ದೇನೆ, ಹೇಳುವಾಗ ತಿರುಗುಮುರುಗಾಗಬಾರದು. ಆ ಕಡೆ ಚಪ್ಪಾಳೆ. ಮೈಕಿನಲ್ಲಿ ಯಾರೋ ಅವರ ಹೆಸರು ಕೂಗಿದಂತಾಯಿತು... ಇಲ್ಲ, ಹೆಜ್ಜೆ ಸದ್ದು. ಅವರದೇ ಕೆಮ್ಮು.

ಸರ್, ತಪ್ಪು ನನ್ನದು. ನಾಲ್ಕು ಪಾಯಿಂಟ್ — ಒಂದು ಮೊದಲು, ಆಮೇಲೆ ಎಂಟು.