ಮಾವನವರು ಆರಿಸಿದ ನೀಲಿ

ರಬಕವಿ, ೨೭ ಅಕ್ಟೋಬರ್ ೧೯೩೭, ಬುಧವಾರ

ಮಾವನವರು ಆರಿಸಿದ ಬಣ್ಣವನ್ನು ನಾನು ಬದಲಿಸಿದೆ. ಇದನ್ನು ಬರೆಯದೆ ನಿದ್ದೆ ಬರುವುದಿಲ್ಲ.

ದೀಪಾವಳಿಗೆಂದು ಗೋಡೆ ಬಳಿಯಲು ಬಂದ ಅನಸವ್ವ ಸುಣ್ಣದಲ್ಲಿ ನೀಲಿ ಕಲಸಿ ನಡುಮನೆಯ ಗೋಡೆಗೆ ಎರಡು ಪಟ್ಟೆ ಬಳಿದು ತೋರಿಸಿದ್ದಳು. ಒಂದು ದಟ್ಟ ನೀಲಿ, ಒಂದು ತಿಳಿ ನೀಲಿ. ನಲವತ್ತು ವರ್ಷ ನೂಲಿಗೆ ಬಣ್ಣ ಹಾಕಿದ ಮಾವ ದಟ್ಟ ನೀಲಿಯೇ ಇರಲಿ ಎಂದರು. ನನಗೆ ಕೋಣೆ ಕತ್ತಲೆಯಾಗುವುದು ಬೇಡವಾಗಿತ್ತು. ಅವರು ಬನಹಟ್ಟಿಗೆ ಹೋದದ್ದೇ ತಡ, ತಿಳಿ ನೀಲಿ ಬಳಿಸಿಬಿಟ್ಟೆ. ಬೈದರೆ ಬೈಸಿಕೊಂಡರಾಯಿತು ಎಂಬ ಸೊಕ್ಕು.

ಮರಳಿ ಬಂದಾಗ ಇನ್ನೂ ಬಿಸಿಲಿತ್ತು. ಗೋಡೆಯ ಮುಂದೆ ನಿಂತು ಬಹಳ ಹೊತ್ತು ನೋಡಿದರು.

"ನಾ ಹೇಳಿದ್ದ ಬಣ್ಣಾನ ಛಲೋ ಕಾಣತೈತಿ ನೋಡವಾ. ತಿಳಿ ನೀಲಿ ಹಚ್ಚಿದ್ರ ಮನಿ ಬೋಳ ಕಾಣತಿತ್ತು."

ಅನಸವ್ವ ನನ್ನ ಮುಖ ನೋಡಿದಳು.

"ಹೌದ್ರಿ ಮಾವಾರ," ಎಂದೆ.

ಕದ್ದು ಮಾಡಿದವಳು ನಾನು. ಸಿಕ್ಕಿಬಿದ್ದದ್ದು ಅವರ ಕಣ್ಣು.

ನಾಳೆ ಮಾವ ಮದುವೆ ಸೀರೆಗಳ ನೂಲಿಗೆ ನೀಲಿ ಹಾಕುತ್ತಾರೆ. ಬಣ್ಣದ ಹಂಡೆಯ ಪಕ್ಕ ನಾನು ನಿಲ್ಲಲೇಬೇಕು. ಇಷ್ಟು ವರ್ಷ ಅತ್ತ ಸುಳಿಯದವಳು ಏನು ನೆಪ ಹೇಳಿ ನಿಲ್ಲಲಿ?