ಹಲಗೆಯ ಕೆಳಗಿನ ಕಾಸು

ಅವ್ವಾ,

ಪೂಜೆಗೆ ಕೂತಿದ್ದೀ, ಅದಕ್ಕೆ ಕರೆಯಲಿಲ್ಲ. ಹನ್ನೊಂದಕ್ಕೆ ದೋಣಿ ರಿಪೇರಿಯ ಮಿಸ್ತ್ರಿ ಬರುತ್ತಾನೆ. ಕಿಟಕಿಯಲ್ಲಿಟ್ಟ ಡಬ್ಬಿ ಕೊಡು, ಅದರಲ್ಲಿ ಅಲ್ಯೂಮಿನಿಯಂ ರಿವೆಟ್ ಇವೆ. "ಮಾಜೀ, ಪೀತಲ್ ವಾಲಾ ದೀಜಿಯೇ" ಅಂತ ಹಿತ್ತಾಳೆಯವು ಕೇಳುತ್ತಾನೆ. ಕೊಡಬೇಡ. "ಪೀತಲ್ ನಹೀ" ಅನ್ನು, ಈ ಊರಿಗೆ ಬಂದ ಮೇಲೆ ಅಷ್ಟು ಹಿಂದಿ ನಿನಗೆ ಬರುತ್ತದೆ. ಹಗ್ಗ ಕಟ್ಟುವ ಕಬ್ಬಿಣದ ಬಳೆಯ ಕೆಳಗೆ ರಬ್ಬರ್ ಹಾಕಲೇಬೇಕು ಅಂತಲೂ ಹೇಳು.

ನಿನ್ನೆ ಕ್ಲಾಸಿನ ಹುಡುಗರ ಜೊತೆ ನೀರಿನ ಸ್ಯಾಂಪಲ್ ತರಲು ಹೋದಾಗ ನಡುಹೊಳೆಯಲ್ಲಿ ನಮ್ಮ ಅಲ್ಯೂಮಿನಿಯಂ ದೋಣಿಯೊಳಗೆ ನೀರು ಬಂತು. ದಡಕ್ಕೆ ತಂದು ಹಲಗೆ ಎತ್ತಿದೆ. ನಾನು ಕೂರುವ ಜಾಗದ ಕೆಳಗೇ ಅಪ್ಪನ ಉಡದಾರದ ತಾಮ್ರದ ಕಾಸು ಇತ್ತು, ಅವರನ್ನು ಮಣ್ಣು ಮಾಡುವ ದಿನ ನೀನು ಬಿಚ್ಚಿಟ್ಟುಕೊಂಡದ್ದು. ಅದರಡಿ ಬಿಳಿ ಪುಡಿ. ಪುಡಿ ಒರೆಸಿದರೆ ತೂತು.

ದೋಣಿ ಪೂಜೆಯ ದಿನ "ಇನ್ನ ಚಿಂತಿಲ್ಲ ಬಿಡು" ಅಂದಿದ್ದೆಯಲ್ಲ, ಯಾಕೆಂದು ಈಗ ತಿಳಿಯಿತು. ಒದ್ದೆಯಲ್ಲಿ ತಾಮ್ರ ತಗುಲಿಕೊಂಡಿದ್ದರೆ ಅಲ್ಯೂಮಿನಿಯಂ ಸವೆದುಹೋಗುತ್ತದೆ ಅವ್ವಾ. ಕ್ಲಾಸಿನಲ್ಲಿ ಇದನ್ನೇ ಪಾಠ ಮಾಡುವವನು ನಾನು. ಒಂದು ಮಾತು ಹೇಳಬಾರದಿತ್ತೇ ಅಂತ ಸಿಟ್ಟು ಬಂತು. ಹೇಳಿದ್ದರೆ ತೆಗೆಸುತ್ತಿದ್ದೆ, ಅದೂ ನಿನಗೆ ಗೊತ್ತಿತ್ತು.

ಕಾಸನ್ನು ದೇವರ ಜಗಲಿಯ ಮೇಲೆ ಹುಡುಕಬೇಡ. ಕಾಲೇಜು ಸೇರಿದಾಗ ನಾನು ಉಡದಾರ ಕಿತ್ತೆಸೆದೆ ಅಂತ ಎರಡು ದಿನ ಮಾತು ಬಿಟ್ಟಿದ್ದೆ ನೀನು. ಗೋದೌಲಿಯಾ ಪೇಟೆಯಿಂದ ಕರಿದಾರ ತಂದು, ಕಾಸು ಪೋಣಿಸಿ, ಸೊಂಟಕ್ಕೆ ಕಟ್ಟಿಕೊಂಡಿದ್ದೇನೆ.

ಮೈಯನ್ನು ಅದು ತಿನ್ನುವುದಿಲ್ಲ.

ನಾಗಲಿಂಗ